ಹನ್ನೊಂದು ಸಾಲಿನ ತಿದ್ದುಪಡಿ

ಡಾಕ್ಟರ್ ನಯಾಜ್ ಅಹಮದ್ ಅವರೆದುರು ಯಾರೂ ಒಂದು ಸಂಗತಿಯನ್ನು ಹೇಳಿ ಮುಗಿಸಿದ್ದನ್ನು ನಾನು ಕಾಣೆ. ಜ್ವರ ಬಿಟ್ಟಿತು ಎಂದವರನ್ನೂ, ಮಗಳ ಮದುವೆಯಾಯಿತು ಎಂದವರನ್ನೂ, ಕುಣಿಗಲ್ಲಿನ ಬಸ್ಸು ಹೊರಟುಹೋಯಿತು ಎಂದವರನ್ನೂ ಅವರು ಕನ್ನಡಕದ ಮೇಲಿನಿಂದ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, "ಆಮೇಲೆ?" ಎಂದು ಕೇಳುತ್ತಿದ್ದರು. ಕೇಳಿ ಸುಮ್ಮನಾಗುವವರಲ್ಲ, ಉತ್ತರ ಬರುವವರೆಗೂ ಕಾಯುವರು. ಕೆಮ್ಮು ವಾಸಿಯಾಗಿದೆ ಎಂದು ಹೇಳಿ ಎದ್ದು ನಿಂತ ರೋಗಿ ಆ ಒಂದು ಮಾತಿಗೆ ಮತ್ತೆ ಕುಳಿತು, ವಾಸಿಯಾದ ಮೇಲಿನ ಹದಿನೈದು ದಿನಗಳ ಊಟ, ನಿದ್ರೆ, ಬೆವರು, ಬೇಸರ ಎಲ್ಲವನ್ನೂ ಒಪ್ಪಿಸಿಯೇ ಹೊರಡಬೇಕಾಗಿತ್ತು. ತುಮಕೂರಿನಲ್ಲಿ 'ಆಮೇಲೆ ಡಾಕ್ಟ್ರ ಮನೆ' ಎಂದರೆ ಸಾಕು, ಜಟಕಾದವರು ವಿಳಾಸ ಕೇಳುತ್ತಿರಲಿಲ್ಲ.

ನಡಿಗೆಯೂ ವಿಲಕ್ಷಣವಾದದ್ದೇ. ಎಡಭುಜವನ್ನು ಮುಂದಿಟ್ಟು, ಮೈಯನ್ನು ಅರೆ ಓರೆಯಾಗಿಸಿಕೊಂಡು, ಅಗಲವಾದ ಬಿ.ಎಚ್. ರಸ್ತೆಯಲ್ಲಿಯೂ ಇಕ್ಕಟ್ಟಿನ ಸಂದಿಯಲ್ಲಿ ನುಸುಳುವವರಂತೆ ನಡೆಯುತ್ತಿದ್ದರು. ತಂದೆ ದಸ್ತಗೀರ್ ಸಾಬರು ಹಾಸಿಗೆ ಹೊಲಿಯುವವರು. ಹತ್ತಿಯ ಮೂಟೆಗಳ ನಡುವೆ ಉಳಿದಿದ್ದ ಒಂದು ಮೊಳದ ಜಾಗವೇ ಮನೆಯ ದಾರಿಯಾಗಿದ್ದ ಕಾಲದಲ್ಲಿ ಬೆಳೆದ ದೇಹಕ್ಕೆ ಆಮೇಲಿನ ವಿಸ್ತಾರಗಳು ಒಗ್ಗಲೇ ಇಲ್ಲವೆಂದು ತೋರುತ್ತದೆ. ಏಪ್ರಿಲ್ ತಿಂಗಳಿನ ಬಿಸಿಲಿನಲ್ಲಿಯೂ ಕಂದುಬಣ್ಣದ ಒಂದು ಉಣ್ಣೆಯ ಕೋಟು. ಅದರ ಒಳಗೆ ನಾಲ್ಕು ಜೇಬು ಹೊಲಿಸಿಕೊಂಡಿದ್ದರು. ನಾಲ್ಕರಲ್ಲೂ ಪೋಸ್ಟ್‌ಕಾರ್ಡಿನಷ್ಟು ಅಗಲದ ರಟ್ಟಿನ ಚೀಟಿಗಳು, ಪ್ರತಿ ಚೀಟಿಯಲ್ಲೂ ಒಬ್ಬ ರೋಗಿಯ ಹೆಸರು, ಊರು, ದಿನ. ನಡೆದರೆ ಕೋಟು ಒಣಗಿದ ಎಲೆಯ ರಾಶಿಯಂತೆ ಸಣ್ಣಗೆ ಸದ್ದು ಮಾಡುತ್ತಿತ್ತು.

ವೈದ್ಯಕೀಯ ಪತ್ರಿಕೆಗಳಲ್ಲಿ ಅವರ ಹೆಸರಿನಡಿ ಅಚ್ಚಾದ ಬರಹಗಳು ಒಟ್ಟು ಎಂಟು. ಮಕ್ಕಳ ಜಂತುಹುಳು, ರಾಗಿ ಒಕ್ಕಣೆಯ ಧೂಳಿನಿಂದ ಬರುವ ಕೆಮ್ಮು, ಬಾಣಂತಿಯರ ರಕ್ತಹೀನತೆ ಮುಂತಾದವನ್ನು ಕುರಿತ ಆರನ್ನು ಜಗತ್ತು ಓದಿದಂತಿಲ್ಲ. ಉಳಿದ ಎರಡರಲ್ಲಿ ಒಂದನ್ನು ಎಲ್ಲರೂ ಓದಿದರು. ಇನ್ನೊಂದನ್ನು ಯಾರೂ ಓದಲಿಲ್ಲ. ಅವರ ಬಾಳಿನ ವೃತ್ತಾಂತವೆಲ್ಲ ಇಷ್ಟೇ ಎಂದರೂ ಸಲ್ಲುತ್ತದೆ.

ಎಪ್ಪತ್ತೆರಡನೆಯ ಇಸವಿಯಿಂದ ಎಪ್ಪತ್ನಾಲ್ಕರವರೆಗೆ ಅವರು ಗುಬ್ಬಿಯ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದರು. ಮಂಚಗಳು ಆರು. ಬೇಸಿಗೆ ಬಂದರೆ ಸೌದೆಯ ರಾಶಿಗಳಿಂದ, ಹಂಚಿನ ಸಂದುಗಳಿಂದ ಕೆಂಪು ಚೇಳುಗಳು ಹೊರಬೀಳುತ್ತಿದ್ದವು. ಕಡಿಸಿಕೊಂಡ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಂದೆಯರು ಓಡಿ ಬರುತ್ತಿದ್ದರು. ಬೆವರಿನಲ್ಲಿ ನೆನೆದು, ತಣ್ಣಗಾದ ಕೈಕಾಲುಗಳನ್ನು ಸೆಟೆಸಿ ಕಿರುಚುವ ಆ ಮಕ್ಕಳಿಗೆ ನಯಾಜರು ನೋವಡಗಿಸಿ ನಿದ್ರೆ ಬರಿಸುವ ಎರಡು ಔಷಧಿಗಳನ್ನು ಬೆರೆಸಿ ಚುಚ್ಚುವುದನ್ನು ಪ್ರಾರಂಭಿಸಿದರು. ಪರಿಣಾಮ ಬೆರಗುಗೊಳಿಸುವಂತಿತ್ತು. ಅರ್ಧ ಗಂಟೆಯಲ್ಲಿ ಕಿರುಚಾಟ ನಿಂತು ಮಗು ಮಲಗುತ್ತಿತ್ತು. ಮರುದಿನ ಬೆಳಿಗ್ಗೆ ಅರೆನಿದ್ರೆಯಲ್ಲೇ ತಾಯಿಯ ಸೊಂಟವೇರಿ ಮನೆಗೆ ಹೋಗುತ್ತಿತ್ತು. ಮೂರು ಬೇಸಿಗೆಗಳಲ್ಲಿ ನಲವತ್ತಮೂರು ಮಕ್ಕಳು. ಆಸ್ಪತ್ರೆಯಲ್ಲಿ ಸತ್ತವರು ಇಬ್ಬರೇ.

ಅವರು ಲೇಖನ ಬರೆದರು. ತುಮಕೂರಿನಲ್ಲಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಗೆಳೆಯ ರಾಮಾಂಜಿನಯ್ಯ ಅದನ್ನು ಮೂರು ಬಾರಿ ಬೆರಳಚ್ಚು ಮಾಡಿದ. ಎಪ್ಪತ್ತೈದರಲ್ಲಿ ಐದು ಪುಟಗಳಾಗಿ ಅಚ್ಚಾದ ಆ ಬರಹದ ಕೊನೆಯ ಸಾಲು ಹೀಗಿತ್ತು: ಈ ಚಿಕಿತ್ಸೆ ಪಡೆದ ಮಗುವನ್ನು ಹನ್ನೆರಡು ಗಂಟೆಗಳ ಬಳಿಕ ನಿರ್ಭಯವಾಗಿ ಮನೆಗೆ ಕಳಿಸಬಹುದು. ಇಂಗ್ಲಿಷಿನ ಗಂಧವಿಲ್ಲದ ದಸ್ತಗೀರ್ ಸಾಬರು ಮಗನ ಹೆಸರಿನ ಮೇಲೆ ಬೆರಳಾಡಿಸಿ, ಆ ಹಾಳೆಗಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

ಎಪ್ಪತ್ತೇಳರ ಒಂದು ಜುಲೈ ದಿನ. ಸಿ.ಎಸ್. ಪುರದ ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ. ಹತ್ತಿರದ ಹಳ್ಳಿಯಿಂದ ಚಿಕ್ಕಮಾರಮ್ಮ ಎಂಬಾಕೆ ಕಣ್ಣು ಕೆಂಪಾದ ಮಗನನ್ನು ಕರೆದುಕೊಂಡು ಬಂದಿದ್ದಳು. ನಯಾಜರು ಮುಖ ಮರೆಯುವವರಲ್ಲ. ಹದಿನೇಳನೆಯ ರೋಗಿ, ಹೆಣ್ಣು, ಆರು ವರ್ಷ, ಚೇತರಿಕೆ ಎಂದು ಅವರೇ ಬರೆದಿದ್ದ ಸಾಲಿನ ತಾಯಿ ಈಕೆ. ಕಣ್ಣಿಗೆ ಔಷಧಿ ಹಾಕುತ್ತ ಸಂತೋಷದಿಂದಲೇ ಕೇಳಿದರು.

"ಮಗಳು ಹೇಗಿದಾಳಮ್ಮ? ಸ್ಕೂಲಿಗೆ ಬರ್ತಾಳೋ?"

"ಯಾವ ಮಗ್ಳು ಸಾಮಿ?"

"ಕದರಮ್ಮ. ಚೇಳು ಕಡಿದಿತ್ತಲ್ಲ."

ಚಿಕ್ಕಮಾರಮ್ಮ ಅವರ ಮುಖವನ್ನೇ ನೋಡಿದಳು. "ಅವ್ಳು ಅವತ್ತೇ ಹೋದ್ಲಲ್ಲ ಸಾಮಿ. ಬೆಳಿಗ್ಗೆ ಕರ್ಕೊಂಡೋಗಿ ಅಂದ್ರಿ. ಬಸ್ನಾಗೆ ನನ್ ತೊಡೆ ಮ್ಯಾಲೆ ಮಲ್ಗಿದ್ಲು. ನಿದ್ದೆ ಬತ್ತದೆ, ಎಬ್ಬಿಸ್ಬ್ಯಾಡಿ ಅಂತ ನೀವೇ ಹೇಳಿದ್ರಲ್ಲ, ಅದ್ಕೇ ಎಬ್ಬಿಸ್ಲಿಲ್ಲ. ಊರು ಬಂದಾಗ ಎಬ್ಬಿಸ್ದೆ."

ಆಮೇಲೆ ಎಂದು ಅವರು ಕೇಳಿದ್ದು ಅದೇ ಮೊದಲಂತೆ.

"ಆಮೇಲೇನು ಸಾಮಿ. ಮಣ್ ಮಾಡಿದ್ವಿ." ಆಕೆ ಸೆರಗಿನಿಂದ ಮಗನ ಕಣ್ಣು ಒರೆಸುತ್ತ ಕೇಳಿದಳು: "ನಿಮ್ಗೆ ಗೊತ್ತಿಲ್ವಾ?"

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅಚ್ಚರಿಯಿತ್ತು. ಇಷ್ಟು ವರ್ಷ ಡಾಕ್ಟರಿಗೆ ಗೊತ್ತಿದೆಯೆಂದೇ ಆಕೆ ತಿಳಿದಿದ್ದಳು. ನಯಾಜರು ಅಂದು ಇನ್ನೂ ಎಪ್ಪತ್ತು ಮಕ್ಕಳನ್ನು ನೋಡಿದರಂತೆ. ಒಂದು ಮುಖವೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಸಂಜೆ ಬಸ್ಸು ಹತ್ತಿದಾಗ ಸ್ಟೆತಸ್ಕೋಪು ಇನ್ನೂ ಕಿವಿಯಲ್ಲೇ ಇತ್ತು. ಕಂಡಕ್ಟರು ಹೇಳಿದ ಮೇಲೆ ತೆಗೆದರು.

ಮನೆಗೆ ಬಂದವರೇ ಹಳೆಯ ಚೀಟಿಗಳನ್ನು ನೆಲದ ಮೇಲೆ ಹರಡಿಕೊಂಡರು. ನಲವತ್ತೊಂದು ಚೀಟಿಗಳಲ್ಲಿ 'ಮನೆಗೆ ಕಳಿಸಲಾಯಿತು' ಎಂದಿತ್ತು. ಅದನ್ನೇ ಲೇಖನದಲ್ಲಿ 'ಚೇತರಿಕೆ' ಎಂದು ಬರೆದಿದ್ದರು. ಈ ಎರಡು ಮಾತುಗಳ ನಡುವೆ ಒಂದು ಬಸ್ಸಿನ ದಾರಿಯಷ್ಟು ಅಂತರವಿದೆ ಎಂಬುದು ಅವರಿಗಾಗಲಿ, ಅದನ್ನು ಪರಿಶೀಲಿಸಿ ಅಚ್ಚಿಸಿದ ವಿದ್ವಾಂಸರಿಗಾಗಲಿ ಹೊಳೆದಿರಲಿಲ್ಲ. ಹೆಂಡತಿ ಖುರ್ಷಿದಾ ಬೇಗಂ ಊಟಕ್ಕೆ ಕರೆಯಲು ಬಂದು, ಚೀಟಿಗಳ ನಡುವೆ ಕೂತಿದ್ದ ಗಂಡನ ಮುಖ ನೋಡಿ, ಯಾರು ತೀರಿಕೊಂಡರು ಎಂದು ಮನೆಮಾತಿನಲ್ಲಿ ಕೇಳಿದರು. "ಅದನ್ನೇ ಹುಡುಕಬೇಕು" ಎಂದರು ನಯಾಜರು.

ಮುಂದಿನ ಏಳು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಬಸ್ಸಿದ್ದಲ್ಲಿಗೆ ಬಸ್ಸು, ಇಲ್ಲದಲ್ಲಿಗೆ ಕಾಲ್ನಡಿಗೆ. ಹುತ್ರಿದುರ್ಗದ ಬುಡದ ಹಳ್ಳಿಯೊಂದರಲ್ಲಿ ಪುಟ್ಟತಾಯಮ್ಮ ಎಂಬ ಮುದುಕಿ ಮೊಮ್ಮಗನನ್ನು ಹಿತ್ತಲಿನಿಂದ ಕೂಗಿ ಕರೆದು, "ನೋಡಿ, ನೀವ್ ಉಳ್ಸಿದ್ದು" ಎಂದು ಮುಂದೆ ನಿಲ್ಲಿಸಿದಾಗ, ಅವರು ಆ ಹುಡುಗನ ನಾಡಿಯನ್ನು ಹಿಡಿದವರು ಬಿಡಲೇ ಇಲ್ಲವಂತೆ. ಹುಡುಗನೇ ಕೈ ಕಿತ್ತುಕೊಂಡು ಓಡಿದ. ಆ ದಿನ ಅವರು ಹೊಟ್ಟೆತುಂಬ ಉಂಡರು.

ಎಲ್ಲ ಮನೆಗಳೂ ಹಾಗಿರಲಿಲ್ಲ. ಮಾರ್ಕೋನಹಳ್ಳಿಯಲ್ಲಿ ನಾಲೆಯ ತೂಬು ನೋಡಿಕೊಳ್ಳುತ್ತಿದ್ದ ಓಬಳಯ್ಯ ಡಾಕ್ಟರನ್ನು ಕಂಡೊಡನೆ ಚಾಪೆ ಹಾಸಿದ. ಅವನ ಮಗನಿಗೆ ಎಂಟು ವರ್ಷವಾಗಿತ್ತು. ಮನೆಗೆ ಬಂದ ಮರುದಿನ ಉಸಿರು ಕಟ್ಟಿ ಹೋಗಿದ್ದ. ಅದನ್ನು ಹೇಳಿದ ಓಬಳಯ್ಯ ಸಮಾಧಾನದ ದನಿಯಲ್ಲಿ ಮುಂದುವರಿಸಿದ: "ಅವ್ನು ನರಳ್ಲಿಲ್ಲ ಡಾಕ್ಟ್ರೆ. ಅಷ್ಟಾದ್ರೂ ಆಯ್ತು. ಅದು ನಿಮ್ಮ ಪುಣ್ಯ. ಅದಾದ್ಮ್ಯಾಲೆ ನಮ್ಮೂರಲ್ಲಿ ಯಾರ್ ಮಕ್ಳಿಗೆ ಚೇಳು ಕಡಿದ್ರೂ ನಿಮ್ತಾವ್ಕೇ ಕಳ್ಸ್ತೀನಿ."

ಬೈದಿದ್ದರೆ ನಯಾಜರು ತಡೆದುಕೊಳ್ಳಬಹುದಿತ್ತು. ಮಗನನ್ನು ಕಳೆದುಕೊಂಡ ತಂದೆಯೇ ತಮ್ಮ ಖ್ಯಾತಿಯನ್ನು ಮನೆಮನೆಗೆ ಹಂಚುತ್ತಿದ್ದಾನೆ ಎಂಬುದು ಅವರಿಗೆ ಸಿಡಿಲೆರಗಿದಂತಾಯಿತು. ಔಷಧಿ ನೋವನ್ನು ಅಡಗಿಸಿತ್ತು, ಆದರೆ ವಿಷ ಒಳಗೇ ಉಳಿದು ಎರಡನೆಯ ದಿನ ಹೃದಯವನ್ನು ಹಿಡಿಯುತ್ತಿತ್ತು. ಮಗು ಕಿರುಚಿ ಹೇಳಬೇಕಾಗಿದ್ದ ಸುದ್ದಿಯನ್ನು ಇಂಜೆಕ್ಷನ್ನು ಮುಚ್ಚಿಟ್ಟಿತ್ತು.

ನಲವತ್ತೊಂದು ಮಕ್ಕಳಲ್ಲಿ ಬದುಕಿದ್ದವರು ಇಪ್ಪತ್ತೇಳು. ಐವರ ಮನೆಯವರು ಊರು ಬಿಟ್ಟಿದ್ದರು, ಸಿಗಲಿಲ್ಲ. ಒಂಬತ್ತು ಮಕ್ಕಳು ಮನೆ ಸೇರಿದ ಎರಡು ಮೂರು ದಿನಗಳೊಳಗೆ ಸತ್ತಿದ್ದರು.

ಎಪ್ಪತ್ತೆಂಟರಲ್ಲಿ ಅವರು ಅದೇ ಪತ್ರಿಕೆಗೆ ಎಲ್ಲವನ್ನೂ ವಿವರವಾಗಿ ಬರೆದು ಕಳಿಸಿದರು. ಸಂಪಾದಕರು ಒಂದು ವರ್ಷ ಕಾಯಿಸಿ, ಏಳು ಪುಟಗಳನ್ನು ಹನ್ನೊಂದು ಸಾಲುಗಳಿಗೆ ಇಳಿಸಿ, ಪತ್ರಗಳ ವಿಭಾಗದ ತುದಿಯಲ್ಲಿ, ಟಾನಿಕ್ಕಿನ ಜಾಹೀರಾತಿನ ಮೇಲೆ ಅಚ್ಚು ಹಾಕಿದರು. ಅಷ್ಟಾದರೂ ಬಂತಲ್ಲ ಎಂದುಕೊಂಡು ನಯಾಜರು ಆ ಪುಟವನ್ನು ಕೋಟಿನಲ್ಲಿಟ್ಟುಕೊಂಡು ಚಿಕ್ಕಮಾರಮ್ಮನ ಹಳ್ಳಿಗೆ ಹೋದರು. ಜಗಲಿಯಲ್ಲಿ ಕುಳಿತು, ತಪ್ಪು ತಮ್ಮದೇ ಎಂದು, ಮಗುವನ್ನು ಇನ್ನೂ ಎರಡು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಬೇಕಾಗಿತ್ತೆಂದು, ಅದನ್ನು ಈಗ ಒಪ್ಪಿಕೊಂಡು ಬರೆದಿರುವುದಾಗಿ ಹೇಳಿದರು. ಚಿಕ್ಕಮಾರಮ್ಮ ಎದ್ದು ಒಳಗೆ ಹೋದವಳು ಬರುವುದೇ ಇಲ್ಲವೇನೋ ಎಂದು ಅವರು ಹೊರಡಲು ಅಣಿಯಾದಾಗ ಬಾಗಿಲಲ್ಲಿ ಬಂದು ನಿಂತಳು. ಕಣ್ಣು ಕೆಂಪಾಗಿತ್ತು.

"ಬರ್ದಿದೀನಿ ಅಂದ್ರಲ್ಲ. ಅದ್ನ ಎಷ್ಟ್ ಜನ ಓದವ್ರೆ?"

ಅದು ಉತ್ತರವಿರುವ ಪ್ರಶ್ನೆಯೆಂಬುದು ಆಗ ಅವರಿಗೆ ಗೊತ್ತಿರಲಿಲ್ಲ.

ಆ ಉತ್ತರ ಬಂದದ್ದು ಎಂಬತ್ತಮೂರರಲ್ಲಿ, ಅವರು ತುಮಕೂರಿಗೆ ವರ್ಗವಾಗಿದ್ದಾಗ, ಅದೂ ಶುಭಸಮಾಚಾರದ ವೇಷದಲ್ಲಿ. ಬೆಂಗಳೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಹಳೆಯ ಸಹಪಾಠಿ ಮಹಾದೇವಯ್ಯನವರು ಒಂದು ಹಾಳೆ ಹಿಡಿದು ಮನೆಗೆ ಬಂದರು. ಯಾವ ವಿಜ್ಞಾನಿಯ ಬರಹವನ್ನು ಯಾರು ಯಾರು ತಮ್ಮ ಬರಹದಲ್ಲಿ ಆಧಾರವಾಗಿ ಹೆಸರಿಸಿದ್ದಾರೆಂದು ಪಟ್ಟಿಮಾಡುವ ದಪ್ಪ ಸಂಪುಟಗಳು ಅಲ್ಲಿನ ಗ್ರಂಥಾಲಯಕ್ಕೆ ಬರುತ್ತಿದ್ದವು. ಸಾಸಿವೆಕಾಳಿನಂಥ ಅಕ್ಷರಗಳಲ್ಲಿ ಅವರು ಗೆಳೆಯನ ಹೆಸರನ್ನು ಹುಡುಕಿದ್ದರು.

"ಅರವತ್ನಾಲ್ಕು ಕಣಯ್ಯ" ಎಂದರು ಮಹಾದೇವಯ್ಯ. "ನಿನ್ನ ಚೇಳಿನ ಪೇಪರನ್ನ ಅರವತ್ನಾಲ್ಕು ಕಡೆ ಉಲ್ಲೇಖ ಮಾಡಿದಾರೆ. ಹೊರದೇಶದ ಟೆಕ್ಸ್ಟ್‌ಬುಕ್ಕಲ್ಲಿ ಬಂದಿದೆ. ನಮ್ಮ ಡಿಪಾರ್ಟ್‌ಮೆಂಟಲ್ಲೇ ಯಾರಿಗೂ ಅಷ್ಟಿಲ್ಲ. ರಿಸರ್ಚ್ ಹುದ್ದೆ ಒಂದು ಖಾಲಿ ಇದೆ, ನಿನ್ನ ಹೆಸರು ಹೇಳಿದೀನಿ."

ಖುರ್ಷಿದಾ ಬೇಗಂ ಚಹದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು. ನಯಾಜರು ಹಾಳೆಯನ್ನು ಮುಟ್ಟದೆ ಕೇಳಿದರು.

"ತಿದ್ದುಪಡಿ? ಎಪ್ಪತ್ತೊಂಬತ್ತರದು. ಅದನ್ನ ಎಷ್ಟು ಜನ?"

ಮಹಾದೇವಯ್ಯ ಹಾಳೆಯನ್ನು ತಿರುಗಿಸಿ ನೋಡಿದರು. "ಅದಾ? ಅದು ಒಂದೂ ಇಲ್ಲ."

ನಯಾಜರಿಗೆ ಆಗ ಆದದ್ದನ್ನು ಅವರೇ ಮುಂದೊಮ್ಮೆ ನನಗೆ ಹೇಳಿದರು: ನಾಲ್ಕು ವರ್ಷಗಳಿಂದ ಮುಗಿಯಿತೆಂದುಕೊಂಡಿದ್ದ ಕೆಲಸ ತಮ್ಮ ಕಣ್ಣಿಗೆ ಕಾಣದ ಅರವತ್ನಾಲ್ಕು ಊರುಗಳಲ್ಲಿ ನಡೆಯುತ್ತಲೇ ಇತ್ತು, ಅಲ್ಲೆಲ್ಲ ಯಾರೋ ಒಬ್ಬ ಡಾಕ್ಟರು ತಮ್ಮ ಹೆಸರು ಹೇಳಿ, ಮಲಗಿದ ಮಗುವನ್ನು ತಾಯಿಯ ತೊಡೆಗೆ ಹಾಕಿ, ಎಬ್ಬಿಸಬೇಡಿ ಎಂದು ಬಸ್ಸು ಹತ್ತಿಸುತ್ತಿದ್ದ.

ಮಹಾದೇವಯ್ಯ ಹೋದ ಮೇಲೆ ಖುರ್ಷಿದಾ ತಡೆಯಲಾರದೆ ಹೇಳಿದರು: "ಅರವತ್ನಾಲ್ಕು ಜನ ವಿದ್ವಾಂಸರು ಒಪ್ಪಿದಾರೆ. ನೀವೊಬ್ಬರು ಒಪ್ಪಲ್ಲ. ಬೆಂಗಳೂರಿಗೆ ಹೋಗೋಣ, ಅಲ್ಲಿಂದಲೇ ಹೇಳಿ."

"ಅಲ್ಲಿಗೆ ಈ ಪೇಪರಿನ ಮೇಲೇ ಹತ್ತಿಕೊಂಡು ಹೋಗಬೇಕಲ್ಲ" ಎಂದರು ನಯಾಜರು. ಆಕೆ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಒಂದು ವಾರ ಗಂಡನೊಡನೆ ಸರಿಯಾಗಿ ಮಾತಾಡಲೂ ಇಲ್ಲ.

ಊರಿನ ವೈದ್ಯಮಿತ್ರರಿಗೆ ಸುದ್ದಿ ತಿಳಿದು ಒಂದು ಸನ್ಮಾನ ಏರ್ಪಟ್ಟಿತು. ಶಾಲು, ಹಾರ, ಗಂಧದ ಮಾಲೆ. ಹೊಗಳಿಕೆಯ ಭಾಷಣಗಳು ಮುಗಿದು ಅವರ ಸರದಿ ಬಂದಾಗ, ಹಾರವನ್ನು ತೆಗೆದು ಮೇಜಿನ ಮೇಲಿಟ್ಟು, ಕೋಟಿನಿಂದ ಒಂಬತ್ತು ಚೀಟಿಗಳನ್ನು ಹೊರತೆಗೆದರು. ಕದರಮ್ಮ, ಆರು ವರ್ಷ, ಬಸ್ಸಿನಲ್ಲಿ. ಓಬಳಯ್ಯನ ಮಗ, ಎಂಟು ವರ್ಷ, ಮನೆಗೆ ಬಂದ ಮರುದಿನ. ಹೀಗೆ ಒಂಬತ್ತನ್ನೂ, ದನಿ ಏರಿಸದೆ, ಔಷಧಿ ಅಂಗಡಿಯಲ್ಲಿ ಚೀಟಿ ಓದುವವರಂತೆ ಓದಿದರು. "ನೀವು ಹೊಗಳಿದ ಪೇಪರಿನಲ್ಲಿ ಇವರೆಲ್ಲ ಗುಣವಾದವರು" ಎಂದು ಹೇಳಿ ಕುಳಿತರು. ಮುಂದಿನ ಸಾಲಿನ ಹಿರಿಯ ವೈದ್ಯರೊಬ್ಬರು ಪಕ್ಕದವರಿಗೆ ಕೇಳಿಸುವಂತೆಯೇ "ಇದು ಇಲ್ಲಿ ಬೇಕಾಗಿತ್ತೇ?" ಎಂದರು. ಇನ್ನೊಬ್ಬರು ಎದ್ದು ಹೊರಗೆ ಹೋಗಿ, ವರಾಂಡದ ಕಂಬ ಹಿಡಿದು ನಿಂತುಬಿಟ್ಟರು. ಅವರೂ ಐದಾರು ವರ್ಷಗಳಿಂದ ಅದೇ ಇಂಜೆಕ್ಷನ್ನು ಕೊಡುತ್ತಿದ್ದವರು ಎಂದು ಆಮೇಲೆ ತಿಳಿಯಿತು. ಬೆಂಗಳೂರಿನ ಹುದ್ದೆಯ ಸುದ್ದಿ ಮತ್ತೆ ಬರಲಿಲ್ಲ.

ಅನಂತರ ಅವರು ಹಿಡಿದ ಕೆಲಸವನ್ನು ಕಂಡು ಹತ್ತಿರದವರಿಗೂ ದಿಗಿಲಾಯಿತು. ಬೆಂಗಳೂರಿನ ಗ್ರಂಥಾಲಯದಲ್ಲಿ ಆರು ದಿನ ಕೂತು, ಅರವತ್ನಾಲ್ಕು ಲೇಖಕರ ವಿಳಾಸಗಳನ್ನೂ ಬರೆದುಕೊಂಡು ಬಂದರು. ಪ್ರತಿಯೊಬ್ಬರಿಗೂ ಒಂದೊಂದು ಪತ್ರ. ರಾಮಾಂಜಿನಯ್ಯ ಕಾರ್ಬನ್ ಹಾಕಿ ಹೊಡೆದು ಮುಗಿಸೋಣವೆಂದ. ನಯಾಜರು ಕೇಳಲಿಲ್ಲ.

"ಪ್ರತಿ ಅಂತ ಗೊತ್ತಾದ್ರೆ ಪಕ್ಕಕ್ಕಿಡ್ತಾರೆ ಕಣಯ್ಯ. ಅವರಿಗೆ ಅಂತಲೇ ಬರೆದ ಹಾಗಿರಬೇಕು."

"ಅರವತ್ನಾಲ್ಕು ಸಲ ಅದೇ ತಪ್ಪು ಒಪ್ಕೊಳೋದಾ ಸಾರ್?"

"ಅರವತ್ನಾಲ್ಕು ಸಲ ಹೊಗಳಿದಾರಲ್ಲ."

ಹೀಗೆ ಎಂಬತ್ನಾಲ್ಕರ ವರ್ಷವಿಡೀ, ಕಲಿಯುವ ಹುಡುಗಿಯರ ಟಕಟಕ ಸದ್ದಿನ ನಡುವೆ, ರಾಮಾಂಜಿನಯ್ಯ ವಾರಕ್ಕೊಂದೆರಡರಂತೆ ಹೊಡೆದ. ಪ್ರತಿ ಪತ್ರದ ಕೊನೆಗೂ ಒಂದೇ ಕೋರಿಕೆ: ದಯವಿಟ್ಟು ನೀವು ಮನೆಗೆ ಕಳಿಸಿದ ಮಕ್ಕಳ ಮನೆಗೆ ಒಮ್ಮೆ ಹೋಗಿ ಬನ್ನಿ.

ಬಂದ ಉತ್ತರಗಳು ಹತ್ತೊಂಬತ್ತು. ಕೆಲವರು ವಂದಿಸಿದ್ದರು, ಕೆಲವರು ವಾದಿಸಿದ್ದರು. ಒಬ್ಬರಂತೂ ಲೇಖಕರೇ ತಮ್ಮ ಲೇಖನವನ್ನು ಇಷ್ಟು ಹಗುರವಾಗಿ ಕಾಣುವುದು ವಿಷಾದಕರವೆಂದು ಬುದ್ಧಿ ಹೇಳಿದ್ದರು. ಎಂಬತ್ತೈದರ ಮಳೆಗಾಲದಲ್ಲಿ ಉತ್ತರ ಆಫ್ರಿಕದ ಒಂದು ಸಣ್ಣ ಊರಿನಿಂದ ನೀಲಿ ಹಾಳೆಯ ಪತ್ರ ಬಂತು. ಬರೆದವರು ಅಲ್ಲಿನ ಒಬ್ಬ ವೈದ್ಯೆ: ನಿಮ್ಮ ಪತ್ರ ಓದಿ ಕೋಪ ಬಂತು. ನಿಮ್ಮ ಮಾತು ಸುಳ್ಳೆಂದು ತೋರಿಸಲೆಂದೇ ಹನ್ನೆರಡು ಮನೆಗಳಿಗೆ ಹೋದೆ. ನಾಲ್ಕು ಮನೆಗಳಲ್ಲಿ ಮಗುವಿರಲಿಲ್ಲ. ಅಷ್ಟೇ ಪತ್ರ. ಕೆಳಗೆ ನಾಲ್ಕು ಹೆಸರುಗಳು.

ನಯಾಜರು ಅದನ್ನು ಹೆಂಡತಿಯ ಕೈಗೆ ಕೊಟ್ಟರು. ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದುತ್ತಿದ್ದ ಖುರ್ಷಿದಾ ಹೆಸರುಗಳ ಹತ್ತಿರ ಬಂದು ನಿಂತರು. ತಮ್ಮ ತವರಾದ ಕುಣಿಗಲ್ಲಿನಲ್ಲಿ ಕೇಳಿದಂಥವೇ ಹೆಸರುಗಳು. ಆಕೆ ನೆಲದ ಮೇಲೆ ಕುಳಿತು ಮುಖ ಮುಚ್ಚಿಕೊಂಡರು. ಆಮೇಲೆ "ಇನ್ನೆಷ್ಟು ಪತ್ರ ಬಾಕಿ ಇದೆ?" ಎಂದು ಕೇಳಿದರು. ಅಂದಿನಿಂದ ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸ ಆಕೆಯದಾಯಿತು. ಏಕೆಂದರೆ ಹಳೆಯ ಲೇಖನವನ್ನು ಹೆಸರಿಸುವವರು ಪ್ರತಿವರ್ಷವೂ ಹೊಸದಾಗಿ ಹುಟ್ಟುತ್ತಲೇ ಇದ್ದರು. ಆ ವೈದ್ಯೆ ತಾನು ಕಂಡದ್ದನ್ನು ಪ್ರಕಟಿಸಿದಾಗ ನಯಾಜರ ಹನ್ನೊಂದು ಸಾಲಿನ ತಿದ್ದುಪಡಿಗೆ ಮೊದಲ ಉಲ್ಲೇಖ ಸಿಕ್ಕಿತು. ಆ ಹೊತ್ತಿಗೆ ಮೂಲ ಲೇಖನದ್ದು ಎಂಬತ್ತು ದಾಟಿತ್ತು.

ಎಂಬತ್ತೆಂಟರಲ್ಲಿ ಆ ಹೊರದೇಶದ ಪಠ್ಯಪುಸ್ತಕದ ಹೊಸ ಆವೃತ್ತಿ ಬಂತು. ಅದರ ಸಂಪಾದಕರಿಗೆ ಐದು ಪತ್ರ ಹೋಗಿದ್ದವು, ಒಂದಕ್ಕೂ ಜವಾಬಿರಲಿಲ್ಲ. ಬೆಂಗಳೂರಿಗೆ ಹೋಗಿ ಪುಸ್ತಕ ನೋಡಿಕೊಂಡು ಬಂದ ನಯಾಜರು ಮನೆಗೂ ಹೋಗದೆ ಬಸ್‌ಸ್ಟ್ಯಾಂಡಿನಿಂದ ನೇರವಾಗಿ ಇನ್‌ಸ್ಟಿಟ್ಯೂಟಿಗೆ ಬಂದರು.

"ತೆಗೆದ್ರು ಕಣಯ್ಯ."

"ಯಾರ್ನ ಸಾರ್?"

"ನನ್ನ. ಹಿಂದುಗಡೆ ಹೆಸರುಗಳ ಪಟ್ಟಿ ನೋಡಿದೆ. ನಾನಿಲ್ಲ. ಒಳಗೆ ಮೂರು ದಿನ ಆಸ್ಪತ್ರೆಯಲ್ಲೇ ಇಟ್ಕೊಂಡು ಎದೆ ನೋಡ್ಬೇಕು ಅಂತ ಹಾಕಿದಾರೆ."

ರಾಮಾಂಜಿನಯ್ಯನಿಗೆ ಸಿಟ್ಟು ಬಂತು. "ಮೂರು ದಿನ ಅಂತ ಹೇಳಿದ್ದು ನೀವು. ನಿಮ್ಮ ಹೆಸ್ರೇ ಹಾಕದೆ ಬರ್ಕೊಂಡವ್ರಲ್ಲ, ಇದ್ಯಾವ ನ್ಯಾಯ ಸಾರ್?"

ನಯಾಜರು ಅವನನ್ನು ಅರ್ಥವಾಗದವರಂತೆ ನೋಡಿದರು. ಅವರಿಗೆ ಆ ಯೋಚನೆ ಬಂದೇ ಇರಲಿಲ್ಲ. "ಮೂರು ದಿನ ಅಂತ ಅಚ್ಚಾಗಿದೆಯಲ್ಲ" ಎಂದು ಇನ್ನೊಮ್ಮೆ ಹೇಳಿ, ಬೆಂಚಿನ ಮೇಲೆ ಕುಳಿತು, ಕಲಿಯುತ್ತಿದ್ದ ಹುಡುಗಿಯರ ಎದುರಿಗೇ ಅತ್ತುಬಿಟ್ಟರು. ಹುಡುಗಿಯರ ಬೆರಳುಗಳು ನಿಂತವು. ಐವತ್ತೈದು ದಾಟಿದ ಆ ದೊಡ್ಡ ಮನುಷ್ಯ ಅಳುವುದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ಮರುವರ್ಷ ನಿವೃತ್ತರಾದಾಗ ಸಂಪುಟಗಳ ಪ್ರಕಾರ ಅವರ ತಪ್ಪಿಗೆ ತೊಂಬತ್ತೊಂದು ಉಲ್ಲೇಖಗಳು, ಅವರ ಸತ್ಯಕ್ಕೆ ಮೂರು. ವಿದ್ವತ್ತನ್ನು ಎಣಿಸಿ ಅಳೆಯುವವರಿಗೆ ಮುಂದೆಯೂ ಅವರು ಚೇಳಿನ ಚಿಕಿತ್ಸೆ ಕಂಡುಹಿಡಿದ ಸಂಶೋಧಕರಾಗಿಯೇ ಕಾಣುತ್ತಾರೆ. ತಾನು ಕಂಡುಕೊಂಡದ್ದನ್ನು ಲೋಕಕ್ಕೆ ಸಾರಲು ಹಂಬಲಿಸುವ ಪಂಡಿತರನ್ನು ನಾನು ಬಹಳ ಮಂದಿ ನೋಡಿದ್ದೇನೆ, ಅವರ ಹಂಬಲದಿಂದ ಲೋಕಕ್ಕೆ ಲಾಭವೂ ಆಗಿದೆ. ತನ್ನ ಮಾತು ಎಲ್ಲೆಲ್ಲಿಗೆ ಹೋಗಿದೆಯೋ ಅಲ್ಲಿಗೆಲ್ಲ ಅದರ ಹಿಂದೆಯೇ ನಡೆದು, ಬಾಗಿಲು ತಟ್ಟಿ, ಅದನ್ನು ನಂಬಬೇಡಿ ಎಂದು ಕೈಮುಗಿಯುವವರು ಅಪರೂಪ. ಅಂಥವರು ಏನನ್ನು ಸಾಧಿಸಿದರೆಂದು ಯಾವ ಸಂಪುಟವೂ ಹೇಳಲಾರದು. ಯಾವುದೋ ದೇಶದ ಯಾವುದೋ ಆಸ್ಪತ್ರೆಯಲ್ಲಿ ಒಂದು ಮಗು ಮೂರನೆಯ ದಿನದ ಬೆಳಿಗ್ಗೆ ಎದ್ದು ಹಸಿವೆಂದು ಅಳುತ್ತದೆ. ತನ್ನನ್ನು ಎರಡು ದಿನ ಹೆಚ್ಚಾಗಿ ಏಕೆ ಇಟ್ಟುಕೊಂಡರೆಂದು ಅದಕ್ಕೆ ಗೊತ್ತಿಲ್ಲ. ಬಸ್ಸಿನ ಖರ್ಚು, ಬಿಟ್ಟುಬಂದ ದನಕರು ನೆನೆದು ಆ ಎರಡು ದಿನ ಡಾಕ್ಟರ ಮೇಲೆ ಗೊಣಗುತ್ತಿದ್ದ ತಾಯಿಗೂ ಗೊತ್ತಿಲ್ಲ.